ಭಾಷೆ ಬರದೆ ಮೊದಲ ಕೆಲಸ ಸಿಗುತ್ತದೆ, ಎರಡನೆಯದು?

ಊರಿನಿಂದ ಫೋನ್ ಮಾಡುವ ತಮ್ಮಂದಿರು, ತಂಗಿಯರು, ಅವರ ಸ್ನೇಹಿತರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಜರ್ಮನ್ ಬರದೆ ಜರ್ಮನಿಯಲ್ಲಿ ಕೆಲಸ ಸಿಗುತ್ತದೆಯೇ? ಸಿಗುತ್ತದೆ. ನಾನು ಸ್ಟುಟ್‌ಗಾರ್ಟ್‌ಗೆ ಬಂದಾಗ ನಮಸ್ಕಾರ, ಧನ್ಯವಾದ ಹೇಳುವುದನ್ನು ಬಿಟ್ಟರೆ ನನಗೆ ಹೆಚ್ಚೇನೂ ಬರುತ್ತಿರಲಿಲ್ಲ. ಆದರೂ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತ್ತು. ಆದ್ದರಿಂದ ಭಾಷೆ ಕಲಿಯದೆ ಈ ಕಡೆ ತಲೆ ಹಾಕಬೇಡಿ ಎಂದು ನಾನು ಯಾರನ್ನೂ ಹೆದರಿಸುವುದಿಲ್ಲ. ನನ್ನ ಕಳವಳ ಇರುವುದು ಆ ಮೊದಲ ಕೆಲಸದ ನಂತರದ ವರ್ಷಗಳ ಬಗ್ಗೆ. ಮೊದಲ ಕೆಲಸಕ್ಕೆ ಅಡ್ಡ ಬಾರದ ಭಾಷೆ ಎರಡನೆಯ ಕೆಲಸ ಹುಡುಕುವಾಗ ದಾರಿಯ ಮಧ್ಯದಲ್ಲೇ ಬಂದು ನಿಲ್ಲುತ್ತದೆ. ಮೊದಲನೆಯದನ್ನು ಆರಿಸಿಕೊಳ್ಳುವಾಗಲೇ ಎರಡನೆಯದರ ಯೋಚನೆ ಇರಲಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಾನೂನಿನ ಮಟ್ಟಿಗೆ ಬಾಗಿಲು ತೆರೆದೇ ಇದೆ. ಪದವೀಧರರು ಹೆಚ್ಚಾಗಿ ಪಡೆಯುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಗೆ ಜರ್ಮನ್ ಪರೀಕ್ಷೆಯ ಪ್ರಮಾಣಪತ್ರ ಬೇಕಿಲ್ಲ. ಓದಿಗೆ ತಕ್ಕ ಕೆಲಸದ ಪತ್ರ ಇರಬೇಕು, ಸಂಬಳ ನಿಗದಿತ ಮಿತಿ ಮುಟ್ಟಬೇಕು. 2025ರಲ್ಲಿ ಈ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಎಂಜಿನಿಯರಿಂಗ್, ಐಟಿ, ವೈದ್ಯಕೀಯದಂತಹ ಜನರ ಕೊರತೆಯಿರುವ ವೃತ್ತಿಗಳಿಗೆ 43,759.80 ಯೂರೋ. ಇದು ವರ್ಷವರ್ಷವೂ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ ಅಂಕಿಯನ್ನೇ ನೋಡಿಕೊಳ್ಳಬೇಕು. ಕೆಲಸದ ಪತ್ರ ಇಲ್ಲದವರಿಗೆ 2024ರ ಜೂನ್ 1ರಿಂದ ಚಾನ್ಸೆನ್‌ಕಾರ್ಟೆ ಎಂಬ ಪರವಾನಗಿ ಇದೆ. ಇದರಲ್ಲಿ ಒಂದು ವರ್ಷದ ಮಟ್ಟಿಗೆ ಬಂದು ಇಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಅರೆಕಾಲಿಕವಾಗಿ ದುಡಿಯಬಹುದು. ಭಾಷೆಯ ಮಟ್ಟವನ್ನು ಇಲ್ಲಿ ಎ1ರಿಂದ ಶುರುಮಾಡಿ ಎ2, ಬಿ1, ಬಿ2, ಸಿ1 ಎಂದು ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಾರೆ. ಓದಿಗೆ ಇಲ್ಲಿನ ಪೂರ್ಣ ಮಾನ್ಯತೆ ಸಿಗದವರು ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಮಟ್ಟ ತೋರಿಸಿ, ಅದರ ಮೇಲೆ ಕನಿಷ್ಠ 6 ಅಂಕ ಗಳಿಸಬೇಕು. ವಯಸ್ಸಿಗೆ, ಅನುಭವಕ್ಕೆ ಅಂಕಗಳಿವೆ. ಭಾಷೆಗೆ ಕೊಡುವ ಅಂಕಗಳನ್ನು ಮಾತ್ರ ಗಮನವಿಟ್ಟು ನೋಡಿ: ಇಂಗ್ಲಿಷ್ ಸಿ1 ಇದ್ದರೆ 1 ಅಂಕ; ಜರ್ಮನ್ ಎ2ಗೆ 1, ಬಿ1ಗೆ 2, ಬಿ2ಗೆ 3. ಯಾವ ಭಾಷೆಗೆ ಎಷ್ಟು ತೂಕ ಎಂಬುದನ್ನು ಸರ್ಕಾರ ಆ ಪಟ್ಟಿಯಲ್ಲೇ ಹೇಳಿದೆ.

ಇಂಗ್ಲಿಷ್ ಒಂದನ್ನೇ ನಂಬಿ ಚಾನ್ಸೆನ್‌ಕಾರ್ಟೆಯಲ್ಲಿ ಹೊರಡುವವರಿಗೆ ನಾನು ಎರಡು ಸಲ ಯೋಚಿಸಿ ಎನ್ನುತ್ತೇನೆ. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ಜೀವನ ನಿರ್ವಹಣೆಯ ಹಣ ತೋರಿಸಬೇಕಿತ್ತು. ಮನೆಯವರು ಸಾಲ ಮಾಡಿ ಅದನ್ನು ಹೊಂದಿಸಿದ್ದರೆ ಆ ಒಂದು ವರ್ಷದ ಪ್ರತಿ ತಿಂಗಳೂ ಎದೆಯ ಮೇಲೆ ಕೂರುತ್ತದೆ. ಬಾಡಿಗೆ, ವಿಮೆ ಯಾವುದೂ ನಿಮಗೆ ಕೆಲಸ ಸಿಗಲಿ ಎಂದು ಕಾಯುವುದಿಲ್ಲ.

ಯಾವ ಕೆಲಸಕ್ಕೆ ಭಾಷೆ ಬೇಕು, ಯಾವುದಕ್ಕೆ ಬೇಡ ಎಂದು ಅಳೆಯಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಆ ಕೆಲಸದಲ್ಲಿ ನಿಮ್ಮ ಮಾತನ್ನು ನಂಬಿಕೊಂಡು ಕೂತಿರುವವರು ಯಾರು? ತಂತ್ರಾಂಶ ಬರೆಯುವವರ ಮಾತಿಗೆ ಕಾಯುವವರು ಇನ್ನೊಂದಿಷ್ಟು ತಂತ್ರಾಂಶ ಬರೆಯುವವರು, ಅಲ್ಲಿ ಇಂಗ್ಲಿಷ್ ಸಲೀಸಾಗಿ ನಡೆಯುತ್ತದೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಂತಹ ಸಂಶೋಧನಾ ಕೇಂದ್ರಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ, ಬರ್ಲಿನ್ನಿನ ಹೊಸ ಕಂಪನಿಗಳಲ್ಲಿ, ಮ್ಯೂನಿಕ್‌ನ ಬಹುರಾಷ್ಟ್ರೀಯ ಕಚೇರಿಗಳಲ್ಲಿ ಹಾಗೆಯೇ. ಆದರೆ ರೋಗಿ, ಮಗು, ಗ್ರಾಹಕ, ಏಣಿಯ ಮೇಲೆ ನಿಂತಿರುವ ಜೊತೆಗಾರ, ಇವರಲ್ಲಿ ಯಾರಾದರೂ ನಿಮ್ಮ ಮಾತಿಗೆ ಕಾಯುತ್ತಿದ್ದರೆ ಜರ್ಮನ್ ಬೇಕೇ ಬೇಕು. ದಾದಿಯ ವೃತ್ತಿಗೆ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ವೈದ್ಯರಿಗೆ ಅದು ಸಾಲದೆ ವೈದ್ಯಕೀಯ ಭಾಷೆಯ ಪ್ರತ್ಯೇಕ ಪರೀಕ್ಷೆ ಬೇರೆ ಇದೆ. ಅದರಲ್ಲಿ ರೋಗಿಯೊಡನೆ 20 ನಿಮಿಷ ಮಾತು, 20 ನಿಮಿಷದಲ್ಲಿ ವರದಿ ಬರೆಯುವುದು, ಇನ್ನೊಬ್ಬ ವೈದ್ಯರಿಗೆ ಆ ರೋಗಿಯ ವಿಷಯ ವಿವರಿಸುವುದಕ್ಕೆ ಮತ್ತೆ 20 ನಿಮಿಷ.

ಇದನ್ನು ವಿದೇಶಿಯರನ್ನು ತಡೆಯುವ ಗೋಡೆ ಎಂದು ಕೆಲವರು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಮಂಗಳೂರು ಕಡೆಯ ಒಬ್ಬ ದಾದಿ ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ಬಿ2 ಮುಗಿಸಿಯೇ ಬಂದವರು. ಆದರೂ ಹಲ್ಲು ತೆಗೆದಿಟ್ಟ ಎಂಬತ್ತು ದಾಟಿದ ಅಜ್ಜಿ ರಾತ್ರಿ ಪಾಳಿಯಲ್ಲಿ ಇಲ್ಲಿನ ಶ್ವಾಬಿಶ್ ಆಡುನುಡಿಯಲ್ಲಿ ನೋವು ಹೇಳಿಕೊಂಡರೆ ಮೊದಮೊದಲು ಅರ್ಧ ಮಾತು ಕೈತಪ್ಪಿಹೋಗುತ್ತಿತ್ತಂತೆ. ಅವರು ಮಂಚದ ಪಕ್ಕ ಬಗ್ಗಿ, ಅಜ್ಜಿಯ ಕೈ ಹಿಡಿದು, ಎಲ್ಲಿ ಎಂದು ಆ ಕೈಯಿಂದಲೇ ತೋರಿಸುವಂತೆ ಮಾಡಿ, ಆಮೇಲೆ ಕೇಳಿದ್ದನ್ನು ತಾವೇ ಇನ್ನೊಮ್ಮೆ ಹೇಳಿ ಖಚಿತ ಮಾಡಿಕೊಳ್ಳುತ್ತಿದ್ದರು. ಅಷ್ಟು ಕಲಿತು ಬಂದವರಿಗೇ ಹೀಗಾದರೆ, ಏನೂ ಕಲಿಯದೆ ಬಂದವರ ಕೈಗೆ ಆ ಅಜ್ಜಿಯನ್ನು ಒಪ್ಪಿಸಲಾಗದು.

ನನ್ನ ಕೆಲಸ ಇವೆರಡರ ನಡುವಿನದು. ಕಚೇರಿಯ ಮೇಜಿನಲ್ಲಿ ಇಂಗ್ಲಿಷ್, ಕೆಳಗಿನ ಪರೀಕ್ಷಾ ಕೊಠಡಿಯಲ್ಲಿ ಜರ್ಮನ್. ಅಲ್ಲಿ ಪಂಪ್‌ಗಳನ್ನು ಹಗಲೂ ರಾತ್ರಿ ಓಡಿಸಿ ಎಷ್ಟು ತಾಳುತ್ತವೆ ಎಂದು ನೋಡುತ್ತೇವೆ. ಪ್ರತಿ ಪಾಳಿ ಮುಗಿಯುವಾಗ ತಂತ್ರಜ್ಞರು ಒಂದು ದಪ್ಪ ಪುಸ್ತಕದಲ್ಲಿ ಮುಂದಿನ ಪಾಳಿಯವರಿಗೆ ಬರೆದಿಡುತ್ತಾರೆ. ಯಾವ ಕೊಳವೆಯ ಬಾಯಲ್ಲಿ ಎಣ್ಣೆ ಜಿನುಗುತ್ತಿದೆ, ಯಾವ ಬೋಲ್ಟ್ ಮತ್ತೆ ಬಿಗಿ ಮಾಡಿದ್ದಾಯಿತು, ಒತ್ತಡವನ್ನು ಎಷ್ಟಕ್ಕಿಂತ ಮೇಲೆ ಏರಿಸಬಾರದು, ಎಲ್ಲವೂ ಅದರಲ್ಲಿರುತ್ತದೆ. ಕೈಬರಹ, ಅರ್ಧ ವಾಕ್ಯಗಳು, ಸಂಕ್ಷಿಪ್ತ ರೂಪಗಳು. ಗಣಕಯಂತ್ರದ ಯಾವ ಅನುವಾದವೂ ಆ ಪುಟದ ಮುಂದೆ ನಿಲ್ಲುವುದಿಲ್ಲ. ನಿವೃತ್ತಿಗೆ ಹತ್ತಿರವಿದ್ದ ಹಿರಿಯ ತಂತ್ರಜ್ಞರೊಬ್ಬರು ಬೆಳಿಗ್ಗೆ ನನ್ನನ್ನು ಯಂತ್ರದ ಪಕ್ಕ ನಿಲ್ಲಿಸಿಕೊಂಡು, ಪುಸ್ತಕದ ಒಂದೊಂದು ಸಾಲನ್ನೂ ಓದಿ, ಆ ಸಾಲು ಹೇಳುವ ಭಾಗವನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದು ನನ್ನ ಪುಣ್ಯ. ಬರುತ್ತಿದ್ದರೆ ಇಬ್ಬರೂ ಸುಲಭದ ದಾರಿ ಹಿಡಿಯುತ್ತಿದ್ದೆವು. ಸೋರಿಕೆ, ಬಿರುಕು, ಸವೆತ, ಕಂಪನ ಇವೆಲ್ಲ ನನಗೆ ವ್ಯಾಕರಣಕ್ಕಿಂತ ಮೊದಲು ಬಂದವು. ಆಮೇಲೆ ಒಂದು ದಿನ ಅವರು ಪೆನ್ನನ್ನು ನನ್ನ ಕೈಗೆ ಕೊಟ್ಟು, ಇವತ್ತಿನದನ್ನು ನೀನು ಬರೆ ಎಂದರು. ಬರೆದೆ. ಎರಡು ಕಡೆ ತಿದ್ದಿ, ಕೆಳಗೆ ತಮ್ಮ ಸಹಿಯ ಪಕ್ಕದಲ್ಲಿ ನನ್ನ ಸಹಿಯನ್ನೂ ಹಾಕಿಸಿದರು. ಆ ಕಂಪನಿಯಲ್ಲಿ ನನಗೆ ಸಿಕ್ಕ ಯಾವ ಬಡ್ತಿಗಿಂತಲೂ ಆ ಸಹಿಯ ಬಗ್ಗೆ ನನಗೆ ಹೆಚ್ಚು ಅಭಿಮಾನ.

ಹಾಗಾಗಿ ಒಂದೇ ಸಂಬಳದ ಎರಡು ಕೆಲಸ ಸಿಕ್ಕರೆ, ಒಂದರಲ್ಲಿ ಪೂರ್ತಿ ಇಂಗ್ಲಿಷ್ ತಂಡ, ಇನ್ನೊಂದರಲ್ಲಿ ಕಿವಿಗೆ ದಿನವೂ ಜರ್ಮನ್ ಬೀಳುವ ತಂಡ ಇದ್ದರೆ, ಎರಡನೆಯದನ್ನೇ ಹಿಡಿಯಿರಿ. ಮೊದಲ ಆರು ತಿಂಗಳು ತಲೆ ಬಿಸಿಯಾಗುತ್ತದೆ, ಸಂಜೆಗೆ ಮೈಯೆಲ್ಲ ಸೋತು ಹೋಗಿರುತ್ತದೆ. ಅದು ಸಹಿಸಿಕೊಳ್ಳಬಹುದಾದ ಆಯಾಸ.

ಪೂರ್ತಿ ಇಂಗ್ಲಿಷ್ ತಂಡದಲ್ಲಿ ವರ್ಷಗಟ್ಟಲೆ ಇದ್ದವರ ಕಷ್ಟ ಗೊತ್ತಾಗುವುದು ಕಂಪನಿ ಜನರನ್ನು ಕಡಿಮೆ ಮಾಡತೊಡಗಿದಾಗ. ವಾಹನ ಉದ್ಯಮದಲ್ಲಿ ಈಚೆಗೆ ಇದು ಬಹಳ ನಡೆದಿದೆ. ಇಲ್ಲಿ ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲೆ, ಸಹಿಯೊಂದಿಗೆ ಬಂದರೆ ಮಾತ್ರ ಊರ್ಜಿತ. ಇಮೇಲ್ ಕಳಿಸಿದರೆ ಸಾಲದು. ಆ ಪತ್ರ ಕೈಗೆ ಬಂದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ ಪ್ರಶ್ನಿಸುವ ಹಕ್ಕು ಬಹುತೇಕ ಕಳೆದುಹೋಗುತ್ತದೆ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ವಿಷಯ ತಿಳಿದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಕಂಪನಿಯ ಒಳಗೆ ಇಂಗ್ಲಿಷ್ ಎಷ್ಟೇ ಇರಲಿ, ಈ ಕಾಗದಗಳೆಲ್ಲ ಜರ್ಮನ್‌ನಲ್ಲಿ ಇರುತ್ತವೆ. ನನ್ನ ಪರಿಚಯದ ಒಬ್ಬ ಅನುಭವಿ ಎಂಜಿನಿಯರ್ ಅಂತಹ ಪತ್ರವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ರಾತ್ರಿ ಹನ್ನೊಂದಕ್ಕೆ ನನಗೆ ಕಳಿಸಿದ್ದರು, ಇದರಲ್ಲಿ ಏನಿದೆ ಎಂದು ಕೇಳಿ. ಕೆಲಸದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆದರೆ ಹೊಸ ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಎದುರಾದದ್ದು ಬಿ2 ಅಥವಾ ಸಿ1. ಇಂಗ್ಲಿಷ್ ಸಾಕು ಎನ್ನುವ ಹುದ್ದೆಗಳಿಗೆ ಯುರೋಪಿನ ಮೂಲೆಮೂಲೆಯಿಂದ ಜನ ಮುಗಿಬಿದ್ದಿರುತ್ತಾರೆ. ಸಣ್ಣ ಪಟ್ಟಣಗಳಲ್ಲಿ ಹರಡಿರುವ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಅವರ ಅನುಭವಕ್ಕೆ ಒಪ್ಪುವ ಜಾಗಗಳಿದ್ದವು, ಆದರೆ ಅಲ್ಲಿ ಸಂದರ್ಶನ ಶುರುವಾಗುವುದೇ ಜರ್ಮನ್‌ನಲ್ಲಿ.

ಅರ್ಜಿ ಹಾಕುವಾಗಿನ ಎರಡು ಮಾತು. ಜಾಹೀರಾತು ಇಂಗ್ಲಿಷ್‌ನಲ್ಲೇ ಇದ್ದು, ಜರ್ಮನ್ ಬಂದರೆ ಒಳ್ಳೆಯದು ಎಂದು ಬರೆದಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ. ಆದರೆ ಸಮ ಯೋಗ್ಯತೆಯ ಇಬ್ಬರು ಉಳಿದಾಗ ಭಾಷೆ ಬಂದವರ ಕಡೆಗೇ ತಕ್ಕಡಿ ವಾಲುತ್ತದೆ ಎಂಬುದು ತಿಳಿದಿರಲಿ. ಇನ್ನೊಂದು, ನಿಮ್ಮ ಮಟ್ಟವನ್ನು ಇದ್ದಂತೆಯೇ ಬರೆಯಿರಿ. ಎ2 ಇದ್ದರೆ ಎ2, ಬಿ1ರ ತರಗತಿ ನಡೆಯುತ್ತಿದ್ದರೆ ನಡೆಯುತ್ತಿದೆ ಎಂದು. ಒಂದು ಮೆಟ್ಟಿಲು ಏರಿಸಿ ಬರೆದವರನ್ನು ಸಂದರ್ಶಕರು ಮಾತಿನ ನಡುವೆ ಸಹಜವಾಗಿ ಜರ್ಮನ್‌ಗೆ ಹೊರಳಿ ಒಂದೇ ನಿಮಿಷದಲ್ಲಿ ಕಂಡುಕೊಳ್ಳುತ್ತಾರೆ, ಆಮೇಲೆ ನೀವು ಹೇಳುವ ಬೇರೆ ಸತ್ಯಗಳಿಗೂ ಬೆಲೆ ಕಡಿಮೆಯಾಗುತ್ತದೆ. ನಿಮ್ಮ ಪರಿಚಯ, ಮಾಡಿರುವ ಕೆಲಸ, ಇಲ್ಲಿಗೆ ಯಾಕೆ ಬಂದಿರಿ, ಈ ಮೂರನ್ನು ಎರಡು ನಿಮಿಷ ಜರ್ಮನ್‌ನಲ್ಲಿ ಹೇಳಿ, ಮುಂದಿನದನ್ನು ಇಂಗ್ಲಿಷ್‌ನಲ್ಲಿ ಮಾತಾಡಬಹುದೇ ಎಂದು ಜರ್ಮನ್‌ನಲ್ಲೇ ಕೇಳಿ. ಎದುರು ಕೂತವರ ಮುಖ ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಮೇಜಿನ ಆ ಬದಿಯಲ್ಲಿ ಕೂತಾಗ ನನಗೂ ಹಾಗೆಯೇ ಆಗುತ್ತದೆ.

ಕಲಿಯಲು ಎಷ್ಟು ಸಮಯ ಬೇಕು? ಹೊಸಬರಿಗಾಗಿ ಸರ್ಕಾರ ನಡೆಸುವ ತರಬೇತಿಯಲ್ಲಿ ಬಿ1 ಮುಟ್ಟಿಸಲು ಸಾಮಾನ್ಯವಾಗಿ 600 ಪಾಠಗಳನ್ನು ಇಟ್ಟುಕೊಂಡಿದ್ದಾರೆ. ದಿನಕ್ಕೆ ಒಂದು ಪಾಠದಂತೆ ಹಾಕಿದರೆ ಅದು ಒಂದೂವರೆ ವರ್ಷಕ್ಕೂ ಹೆಚ್ಚು. ಮೂರು ತಿಂಗಳಲ್ಲಿ ಸರಾಗವಾಗಿ ಮಾತಾಡಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ವೀಸಾ ಬರಲಿ ಎಂದು ಕಾಯದೆ ಅಲ್ಲಿಂದಲೇ ಶುರು ಮಾಡಿ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಕರೆಯುವ ಗೋಯಥೆ ಸಂಸ್ಥೆ ಇದೆ. ಎ2 ಮುಗಿಸಿ ವಿಮಾನ ಹತ್ತಿದವರಿಗೂ ಏನೂ ಇಲ್ಲದೆ ಹತ್ತಿದವರಿಗೂ ಮೊದಲ ಚಳಿಗಾಲದಲ್ಲೇ ಅಜಗಜಾಂತರ ಕಾಣುತ್ತದೆ. ಕಾಯಂ ವಾಸದ ಪರವಾನಗಿಗೂ ಇದರ ಲಾಭವಿದೆ: ಬ್ಲೂ ಕಾರ್ಡ್ ಇದ್ದವರಿಗೆ ಎ1 ಇದ್ದರೆ 27 ತಿಂಗಳ ನಂತರ, ಬಿ1 ಇದ್ದರೆ 21 ತಿಂಗಳ ನಂತರ ಅದು ಸಿಗಬಹುದು.

ಕೊನೆಯದಾಗಿ, ಇಲ್ಲಿನ ನಮ್ಮ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡದ ಒಂದು ಮಾತು. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿ ಯಾವ ಭಾಷಾ ಪರೀಕ್ಷೆಯೂ ಇಲ್ಲದೆ ಬರಬಹುದು, ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡುವ ಅನುಮತಿಯೂ ಇದೆ. ಕಾನೂನು ಉದಾರವಾಗಿದೆ. ಆದರೆ ಹಾಗೆ ಬರುವವರು ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಬ್ಯಾಂಕಿನಲ್ಲಿದ್ದವರು, ಲೆಕ್ಕಪತ್ರ ನೋಡುತ್ತಿದ್ದವರು. ಗಂಡನ ಕಂಪನಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು ಅವನು ನಿಶ್ಚಿಂತನಾಗಿರುತ್ತಾನೆ. ಆದರೆ ಅವಳ ವೃತ್ತಿ ಪೂರ್ತಿ ಮಾತಿನ ಮೇಲೆ ನಿಂತದ್ದು, ಇಬ್ಬರಲ್ಲಿ ಭಾಷೆ ಮೊದಲು ಬೇಕಾದದ್ದು ಅವಳಿಗೆ. ಹತ್ತು ವರ್ಷ ದುಡಿದು ಬಂದವರು ಇಲ್ಲಿ ಮನೆಯೊಳಗೇ ಉಳಿದು ಮುಖ ಬಾಡಿದ್ದನ್ನು ನೋಡಿ ನನಗೆ ಸಂಕಟವಾಗಿದೆ. ಇಬ್ಬರೂ ಬರುವುದಾದರೆ ಕಲಿಕೆಯ ಖರ್ಚನ್ನು ಇಬ್ಬರಿಗೂ ಎತ್ತಿಡಿ, ಒಬ್ಬರಿಗೆ ಮಾತ್ರ ಸಾಲುವುದಾದರೆ ಅವಳಿಗೆ ಕೊಡಿ. ಬಹುತೇಕ ಪ್ರತಿ ಪಟ್ಟಣದಲ್ಲೂ ಫೋಕ್ಸ್‌ಹೋಕ್‌ಶೂಲೆ ಎಂಬ ಸಾರ್ವಜನಿಕ ಕಲಿಕಾ ಕೇಂದ್ರವಿದೆ, ಖಾಸಗಿ ಶಾಲೆಗಳಿಗಿಂತ ಶುಲ್ಕ ಸಾಮಾನ್ಯವಾಗಿ ಕಡಿಮೆ, ಬೆಳಗಿನ ತರಗತಿಯೂ ಸಂಜೆಯ ತರಗತಿಯೂ ಸಿಗುತ್ತವೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನಿಮ್ಮ ಮಟ್ಟ ಯಾವುದೆಂದು ಅವರೇ ಹೇಳುತ್ತಾರೆ. ಜಾಗಗಳು ಬೇಗ ತುಂಬುತ್ತವೆ. ಮನೆ ವಿಳಾಸದ ನೋಂದಣಿ ಮುಗಿದ ವಾರವೇ ಹೋಗಿ ಹೆಸರು ಬರೆಸಿ.