ಪಾಜ್ ಬಟನ್ ಬಂದ ಮೇಲೆ

ಟೀವಿ ಬಂದು ಮಹಿಳಾ ಸಮಾಜಗಳನ್ನು ಹಾಳು ಮಾಡಿತು ಅಂತ ನಮ್ಮ ತುಮಕೂರಿನ ಹಿರಿಯರು ಹೇಳ್ತಿರ್ತಾರೆ. ನನಗಿದು ಅರ್ಧ ಮಾತ್ರ ಒಪ್ಪಿಗೆ.

ಅಮ್ಮನ ಸಮಾಜ ಗುರುವಾರ ಮಧ್ಯಾಹ್ನ ಮೂರಕ್ಕೆ. ಊಟ, ಮುಸುರೆ ಮುಗಿಸಿ ಹೊರಟು, ಅಪ್ಪ ಆಫೀಸಿನಿಂದ ಬರೋದರೊಳಗೆ ವಾಪಸ್ ಬಂದು ಕಾಫಿಗೆ ಹಾಲಿಡಬೇಕು. ಭಜನೆ, ಹೊಲಿಗೆ, ಕ್ರೋಶ, ಜೊತೆಗೆ ಬೇಕಾದಷ್ಟು ಹರಟೆ. ಅಜ್ಜಿ ಗೊಣಗುತ್ತಿದ್ದರು, ತಡೆಯುತ್ತಿರಲಿಲ್ಲ. "ಇವತ್ತು ಸಮಾಜ" ಅಂದರೆ ಮುಗೀತು, ಅದರ ಮೇಲೆ ಮಾತಿಲ್ಲ.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ನಮ್ಮ ಬೀದಿಯ ಮಾಳಿಗೆಗಳ ಮೇಲೆ ಆಂಟೆನಾ ಏಳಲು ಇನ್ನೂ ಕೆಲವು ವರ್ಷ ಬೇಕಾಯಿತು. ಆಮೇಲೆ ಸಮಾಜದಲ್ಲಿ ಕಲಿತ ಕ್ರೋಶವೆಲ್ಲ ಟೀವಿ ಕವರ್ ಆಗಿ ಹೊರಬಂತು! 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದ ಮೇಲಂತೂ ಭಾನುವಾರ ಅಮ್ಮ ಒಂಬತ್ತಕ್ಕೇ ಎಲ್ಲರ ತಿಂಡಿ ಮುಗಿಸಿ, ಅಕ್ಕಪಕ್ಕದವರ ಜೊತೆ ಹಜಾರದಲ್ಲಿ ಕೂತುಬಿಡೋರು. ಒಂಬತ್ತೂವರೆಯ ನಂತರ ಅಪ್ಪ ಕೂಡ "ನೀರು ಕೊಡೇ" ಅನ್ನುತ್ತಿರಲಿಲ್ಲ. ತಪ್ಪಿದ ದೃಶ್ಯ ಮತ್ತೆ ಸಿಗುವಂತಿರಲಿಲ್ಲವಲ್ಲ.

ಕೇಬಲ್ ಬಂತು, 1994ರಲ್ಲಿ ಉದಯ ಟೀವಿ ಬಂತು. ಮಧ್ಯಾಹ್ನವೂ ನೋಡಲು ಏನಾದರೊಂದು ಸಿಗತೊಡಗಿತು, ಸಮಾಜದಲ್ಲಿ ಕುರ್ಚಿಗಳು ಖಾಲಿ ಉಳಿದವು. ಬೈಸಿಕೊಂಡವರು ಹೆಂಗಸರು: "ಸೀರಿಯಲ್ ಹುಚ್ಚು" ಅಂತ. ಆದರೆ ಸೊಸೆ ಹೊಸಿಲು ದಾಟದೆ ಮನೆಯಲ್ಲೇ ಉಳಿದಳು ಅಂತ ಒಳಗೊಳಗೇ ಸಮಾಧಾನಪಟ್ಟವರು ಎಷ್ಟು ಜನವೋ. ರಾತ್ರಿ ಸೀರಿಯಲ್ಲಿಗೆ ತಕ್ಕಂತೆ ಅಡುಗೆಯೂ ಹೊಂದಿಕೊಂಡಿತು, ಜಾಹೀರಾತು ಬಂದಾಗ ಒಗ್ಗರಣೆ. ಆದರೂ ಅರ್ಧ ಗಂಟೆ ಅಮ್ಮನದೇ. "ಸೀರಿಯಲ್ ಮುಗೀಲಿ, ಬಡಿಸ್ತೀನಿ" ಅಂದರೆ ಮನೆ ಕಾಯುತ್ತಿತ್ತು.

ಈಗ ನನ್ನ ತಮ್ಮನ ಹೆಂಡತಿ ಮೊಬೈಲಿನಲ್ಲಿ ನೋಡುತ್ತಾಳೆ. ಯಾವಾಗ ಬೇಕಾದರೂ ನೋಡಬಹುದು, ಎಷ್ಟು ಅನುಕೂಲ ಅಂತ ಎಲ್ಲರೂ ಅನ್ನುತ್ತಾರೆ. ಹೋದ ವಾರ ಅವರ ಮನೆಯಲ್ಲಿದ್ದೆ. ಅವಳೊಂದು ಸಂಚಿಕೆ ಶುರು ಮಾಡಿದಳು. ಮಗನಿಗೆ ಚಾರ್ಜರ್ ಬೇಕಾಯಿತು. ತಮ್ಮನಿಗೆ ಚಹಾ. ಆಮೇಲೆ ಗ್ಯಾಸ್‌ನವನು ಬಂದ. "ಪಾಜ್ ಮಾಡಿ ಬಾರೇ, ಎಲ್ಲಿಗೂ ಓಡಿಹೋಗಲ್ಲ ಅದು" ಅಂದ ತಮ್ಮ. ಅವನ ಮಾತು ಸರಿಯೇ, ಅದು ಓಡಿಹೋಗುವುದಿಲ್ಲ. ಓಡಿಹೋಗುತ್ತಿತ್ತು ಅಂತಲೇ ಅಮ್ಮನನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

ಅಮ್ಮನ ಸಮಾಜ ಇನ್ನೂ ಇದೆ, ಗುರುವಾರ ಮೂರಕ್ಕೇ. "ಬಾರೇ ಒಂದ್ಸಲ" ಅಂತ ಅವಳನ್ನು ಕರೆದಿದ್ದೇನೆ. "ಆ ಹೊತ್ತಿಗೆ ಮಗನ ಸ್ಕೂಲ್ ವ್ಯಾನ್ ಬರುತ್ತಲ್ಲ ಅಕ್ಕ" ಅಂದಳು. ತಮ್ಮನಿಗೆ ಹೇಳಿ ನೋಡಬೇಕು, ಗುರುವಾರ ಅವನಿಗೆ ಮನೆಯಿಂದಲೇ ಕೆಲಸ.