ಲಕ್ಷ್ಮಿಗೆ ಜಾಗ ಸಾಲಲಿಲ್ಲ
ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರನೇ ವಾರ. ಕೊನೆಗೂ ನನ್ನ ಪಾಲಿಗೆ ಒಂದು ಟಿಕೆಟ್ (ನಮ್ಮಲ್ಲಿ ಒಪ್ಪಿಸಿದ ಕೆಲಸಕ್ಕೆ ಹಾಗನ್ನೋದು) ಬಂತು: ಫಾರ್ಮ್‌ನಲ್ಲಿ ಹೆಸರಿನ ಕಾಲಂ ಸೇರಿಸುವುದು. ಹೆಸರಿಗೆ ಇಪ್ಪತ್ತು ಬೈಟ್ (ಕಂಪ್ಯೂಟರಿನ ಜಾಗದ ಅಳತೆ, ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು) ಧಾರಾಳ ಅಂದುಕೊಂಡು ಬರೆದೆ. ಇಂಗ್ಲಿಷ್ ಹೆಸರೆಲ್ಲ ಸಲೀಸಾಗಿ ಹೋದವು. ಸುಮ್ಮನೆ ನಮ್ಮಜ್ಜಿ ಹೆಸರು ಕನ್ನಡದಲ್ಲಿ ಹಾಕಿ ನೋಡಿದೆ. 'ಲಕ್ಷ್ಮ' ಅಂತ ಬಂದು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು!

ಅರ್ಧ ದಿನ ತಲೆ ಕೆರೆದುಕೊಂಡೆ. ನಮ್ಮ ಕಣ್ಣಿಗೆ ಲಕ್ಷ್ಮಿ ಎರಡೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಏಳು: ಲ, ಕ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಷ, ಮತ್ತೆ ವಿರಾಮ, ಮ, ಕೊನೆಗೆ ಗುಡಿಸು. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಒಂದೇ ಒಂದು ಬೈಟ್ ಕಡಿಮೆ ಬಿದ್ದು ಅಜ್ಜಿಯ ಗುಡಿಸು ಹಾರಿಹೋಗಿತ್ತು.

ಸೀನಿಯರ್‌ಗೆ ತೋರಿಸಿದೆ. ಬೈತಾರೆ ಅಂದುಕೊಂಡಿದ್ದೆ, "ಪರವಾಗಿಲ್ವೇ, ಕನ್ನಡದಲ್ಲಿ ಟೆಸ್ಟ್ ಮಾಡಿದ್ದೀಯಲ್ಲ" ಅಂದರು. ಕಾಲೇಜಲ್ಲಿ ನಾಲ್ಕು ವರ್ಷ ಸ್ಟ್ರಿಂಗ್ (ಅಕ್ಷರಗಳ ಸಾಲು) ತಿರುಗಿಸಿ ಬರೆಯೋದು ಕಲಿತೆವು, ಒಂದು ಸಲವೂ ನಮ್ಮ ಹೆಸರನ್ನೇ ಹಾಕಿ ನೋಡಿರಲಿಲ್ಲ. (ಒತ್ತಕ್ಷರ ತಿರುಗಿಸಿದರೆ ಏನಾಗುತ್ತೆ ಅಂತ ನೀವೇ ಪ್ರಯತ್ನಿಸಿ, ಮಜಾ ಇದೆ.)

ರಾತ್ರಿ ಫೋನ್‌ನಲ್ಲಿ ಅಜ್ಜಿ, "ಆಫೀಸಲ್ಲಿ ಏನ್ ಕೆಲ್ಸ ಮಾಡಿದ್ಯೋ ಮಗಾ?" ಅಂದ್ರು.
"ನಿನ್ ಹೆಸ್ರು ಸರಿ ಮಾಡ್ದೆ ಅಜ್ಜಿ."
"ರೇಷನ್ ಕಾರ್ಡಲ್ಲೂ ತಪ್ಪಾಗಿದೆ, ಅದನ್ನೂ ಮಾಡ್ಬಿಡು."