ಸುಬಿಯಾಕೋ ಮೈದಾನ ಮತ್ತು ತವರಿನ ಹುಡುಗರು

ಪರ್ತ್‌ನಲ್ಲಿ ಎಲ್ಲರೂ ನೋಡುವ ಕಿಂಗ್ಸ್ ಪಾರ್ಕ್, ಫ್ರೀಮ್ಯಾಂಟಲ್ ಬಂದರು ನಾನೂ ನೋಡಿದೆ. ಚೆನ್ನಾಗಿವೆ. ಮನಸ್ಸು ಕೂತದ್ದು ಮಾತ್ರ ಗ್ಯಾಲರಿಯೇ ಇಲ್ಲದ ಒಂದು ಹಳೆಯ ಫುಟ್‌ಬಾಲ್ ಮೈದಾನದಲ್ಲಿ.

ಸುಬಿಯಾಕೋ ಓವಲ್‌ನ ಗ್ಯಾಲರಿಗಳನ್ನು 2019ರಲ್ಲಿ ಕೆಡವಿದರು. ಹಳೆಯ ಗೇಟು, ಹಸಿರು ಹುಲ್ಲು ಉಳಿದಿವೆ. ಪಕ್ಕದಲ್ಲಿ ಬಾಬ್ ಹಾಕ್ ಕಾಲೇಜು ಎದ್ದಿದೆ. ಹೋಗುವವರು ಪರ್ತ್ ನಿಲ್ದಾಣದಲ್ಲಿ ಫ್ರೀಮ್ಯಾಂಟಲ್ ಮಾರ್ಗದ ರೈಲು ಹತ್ತಿ ಮೂರನೇ ನಿಲ್ದಾಣವಾದ ಸುಬಿಯಾಕೋದಲ್ಲಿ ಇಳಿಯಿರಿ. ಕಾರಿನ ಸಹವಾಸ ಬೇಡ.

ನಾಯಿ ಹಿಡಿದು ಅಡ್ಡಾಡುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. "1977ರ ಅಕ್ಟೋಬರ್ 8. ನಾನು ಅಗೋ, ಅಲ್ಲಿ ನಿಂತಿದ್ದೆ" ಎಂದು ಬೌಂಡರಿಯ ಕಡೆ ಕೈ ತೋರಿಸಿದರು.

ಚೆಂಡನ್ನು ಕಾಲಿನಿಂದಲೂ ಕೈಯಿಂದಲೂ ಆಡುವ ಅಲ್ಲಿನದೇ ಆಟ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಅದುವರೆಗೆ ಆಟಗಾರ ಯಾವ ರಾಜ್ಯದ ಲೀಗಿನಲ್ಲಿ ಆಡುತ್ತಾನೋ ಆ ರಾಜ್ಯದ ತಂಡಕ್ಕೇ ಸೇರುತ್ತಿದ್ದ. ದುಡ್ಡಿದ್ದದ್ದು ವಿಕ್ಟೋರಿಯಾ ರಾಜ್ಯದ ರಾಜಧಾನಿ ಮೆಲ್ಬರ್ನ್‌ನ ಕ್ಲಬ್ಬುಗಳಲ್ಲಿ. ಪರ್ತ್, ಅಡಿಲೇಡ್‌ಗಳ ಒಳ್ಳೊಳ್ಳೆಯ ಹುಡುಗರು ಅಲ್ಲಿಗೆ ಹೋಗಿ, ವಿಕ್ಟೋರಿಯಾದ ಕಡುನೀಲಿ ಅಂಗಿ ತೊಟ್ಟು, ಎದೆಯ ಮೇಲೆ ದೊಡ್ಡ ಬಿಳಿ 'ವಿ' ಹೊತ್ತು ತವರಿನ ಎದುರೇ ಆಡುತ್ತಿದ್ದರು. "ನಮ್ಮ ಬೀದಿಯಲ್ಲಿ ಬೆಳೆದವನೇ ನಮ್ಮ ಮೇಲೆ ಗೋಲು ಹೊಡೆದರೆ ಹೇಗಾಗುತ್ತೆ, ಹೇಳಿ?" ಎಂದರು. ಇಷ್ಟು ವರ್ಷದ ಮೇಲೂ ಅವರ ದನಿ ಗಡುಸಾಯಿತು.

ಸುಬಿಯಾಕೋ ಕ್ಲಬ್ಬಿನ ಲಿಯಾನ್ ಲಾರ್ಕಿನ್ ಪಟ್ಟು ಹಿಡಿದು 1977ರ ಆ ಪಂದ್ಯ ಏರ್ಪಡಿಸಿದ್ದರು. ಎಲ್ಲರೂ ತಮ್ಮ ತಮ್ಮ ತವರಿಗೆ ಆಡಬೇಕು, ಅಷ್ಟೇ ಷರತ್ತು. ಪರ್ತ್‌ನವರ ರಾಜ್ಯ ಪಶ್ಚಿಮ ಆಸ್ಟ್ರೇಲಿಯಾ ವಿಕ್ಟೋರಿಯಾವನ್ನು 94 ಅಂಕಗಳಿಂದ ಬಗ್ಗುಬಡಿಯಿತು (ಈ ಆಟದಲ್ಲಿ ಒಂದು ಗೋಲಿಗೆ ಆರು ಅಂಕ). ಹಿರಿಯರು ಅದನ್ನು ಹೇಳುವಾಗ ನಾಯಿಯ ಹಗ್ಗ ಕೈಜಾರಿದ್ದನ್ನೂ ಗಮನಿಸಲಿಲ್ಲ.

ಇಂಥ ಪೈಪೋಟಿ ಯಾಕೆ ನಿಂತಿತು ಅಂತ ಕೇಳಿದೆ. 1987ರಲ್ಲಿ ಪರ್ತ್‌ನ ಕ್ಲಬ್ಬು ವೆಸ್ಟ್ ಕೋಸ್ಟ್ ಈಗಲ್ಸ್ ಮೆಲ್ಬರ್ನಿನವರ ಲೀಗಿಗೇ ನುಗ್ಗಿತು, 1992ರಲ್ಲಿ ಟ್ರೋಫಿಯನ್ನೂ ಹೊತ್ತು ತಂದಿತು. ಹಳೆಯ ಸೇಡು ವಾರವಾರವೂ ತೀರತೊಡಗಿತು ಎಂದರು. ಮುಖ್ಯ ಆಟಗಾರರಿಗೆ ಗಾಯವಾದೀತು ಎಂದು ಕ್ಲಬ್ಬುಗಳೂ ಹಿಂದೆಗೆದವು. 1999ರ ನಂತರ ವರ್ಷವರ್ಷದ ಪಂದ್ಯಗಳು ನಿಂತವು. ನನಗಿದು ದೊಡ್ಡ ನಷ್ಟವೆಂದೇ ಅನಿಸುತ್ತದೆ. ಕ್ಲಬ್ಬು ಆಟಗಾರನನ್ನು ಕೊಳ್ಳಬಹುದು, ತವರಿನ ಅಂಗಿಯನ್ನು ಯಾವ ದುಡ್ಡಿಗೂ ಕೊಳ್ಳಲಾಗದು.

"ನಾಳೆ ಲೀಡರ್‌ವಿಲ್ ಓವಲ್‌ಗೆ ಹೋಗಿ, ಸುಬಿಯಾಕೋದವರು ಈಗ ಅಲ್ಲಿ ಆಡ್ತಾರೆ" ಎಂದು ಒತ್ತಾಯಿಸಿದರು. ದ್ವೀಪ ನೋಡಲು ಕೊಂಡಿದ್ದ ದೋಣಿ ಟಿಕೆಟ್ ಬಿಟ್ಟು ಪಂದ್ಯಕ್ಕೆ ಹೋದೆ. ಬೇಲಿಗೆ ಒರಗಿ, ಪಕ್ಕದವರ ಜೊತೆ ಗಂಟಲು ಹರಿಯುವಷ್ಟು ಕೂಗಿದೆ.